ಯಕ್ಷಗಾನದ ಫೋಟೊ, ರಾ ಫೈಲ್: ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ಬಯಲಾಟದ ಹುಡುಗ, ಕುಂದಾಪುರ:

ಎಲ್ಲರಿಗೂ ನಮಸ್ಕಾರ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟಾಗಿನಿಂದ ನಾನೂ ಆಟ ಇದ್ದಲ್ಲಿಗೆಲ್ಲ ಕ್ಯಾಮೆರಾ ಹಿಡಿದು ಹೋಗುತ್ತಿದ್ದೇನೆ. ನಿಕಾನ್ ಡಿ5600, ಸೆಕೆಂಡ್ ಹ್ಯಾಂಡ್. ಜೊತೆಗೆ ಬಂದ 18-55 ಲೆನ್ಸ್ ರಾತ್ರಿ ಬೆಳಕಿಗೆ ಸಾಲುತ್ತಿರಲಿಲ್ಲ. ಈಗ 50 ಎಂಎಂ ಎಫ್ 1.8 ಜಿ ಇದೆ. ಬೆಳಕಿನ ಚಿಂತೆ ಅಷ್ಟಾಗಿ ಇಲ್ಲ.

ಚಿಂತೆ ಇರುವುದು ಬಣ್ಣದ್ದು. ಈಗ ಎಲ್ಲ ಕಡೆ ರಂಗಸ್ಥಳಕ್ಕೆ ಎಲ್‌ಇಡಿ ಲೈಟ್ ಹಾಕುತ್ತಾರೆ. ರಾಕ್ಷಸ ವೇಷದ ಪ್ರವೇಶ ಬಂತು ಅಂದರೆ ಪೂರ್ತಿ ಕೆಂಪು. ಕಣ್ಣಿಗೆ ಚಂದ ಕಾಣುತ್ತದೆ. ಫೋಟೊದಲ್ಲಿ ಮಾತ್ರ ಮುಖ, ದಗಲೆ (ವೇಷದ ಅಂಗಿ), ಕಿರೀಟ ಎಲ್ಲ ಸೇರಿ ಒಂದೇ ಕೆಂಪು ಮುದ್ದೆ. ಮುಖದ ಮೇಲಿನ ಬಣ್ಣದ ಬರವಣಿಗೆ ಕಾಣುವುದೇ ಇಲ್ಲ.

ರಾದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ನಲ್ಲಿ, ತೆಗೆದರೆ ಸರಿಹೋಗುತ್ತದೆ ಅಂತ ಗೆಳೆಯರು ಹೇಳಿದರು. ಈಗ ಎನ್‌ಇಎಫ್ (ನಿಕಾನ್‌ನ ರಾ ಫೈಲ್), ಜೆಪೆಗ್ ಎರಡೂ ತೆಗೆಯುತ್ತಿದ್ದೇನೆ. ರಾ ಫೈಲ್ ತಿದ್ದುವ ಡಾರ್ಕ್‌ಟೇಬಲ್ ಪುಕ್ಕಟೆ ಸಿಗುತ್ತದಲ್ವಾ, ಹಾಕಿಕೊಂಡು ನೋಡಿದೆ. ರಾ ಫೈಲ್ ತೆರೆದರೆ ಪೂರಾ ಸಪ್ಪೆ. ಜೆಪೆಗ್ಗೇ ವಾಸಿ ಅನಿಸುತ್ತದೆ. ಅದರೊಳಗೆ ಇರುವ ಮಾಡ್ಯೂಲ್‌ಗಳ (ಒಂದೊಂದು ತಿದ್ದುಪಡಿಗೆ ಒಂದೊಂದು ಸಾಧನ) ರಾಶಿ ನೋಡಿ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯಲಿಲ್ಲ. ಇನ್ನೊಬ್ಬ ಗೆಳೆಯ ಪೆನ್‌ಡ್ರೈವ್‌ನಲ್ಲಿ ಫೋಟೊ ತಿದ್ದುವ ಲೈಟ್‌ರೂಮ್‌ನ ಕ್ರ್ಯಾಕ್ (ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ) ಕೊಡುತ್ತೇನೆ ಅನ್ನುತ್ತಿದ್ದಾನೆ. ಫೋಟೊಶಾಪ್ ಕಲಿಯದೆ ಏನೂ ಆಗುವುದಿಲ್ಲ ಅನ್ನುವವರೂ ಇದ್ದಾರೆ.

ಲ್ಯಾಪ್‌ಟಾಪ್ ವಿಂಡೋಸ್, ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಡಿಸ್ಕ್ ಆಗಲೇ ತುಂಬುತ್ತಾ ಬಂದಿದೆ. ಕಲಾವಿದರು ವಾಟ್ಸ್ಯಾಪ್‌ನಲ್ಲಿ ಫೋಟೊ ಕೇಳುತ್ತಾರೆ, ಅವರಿಗೆ ಕೊಡಬೇಕು. ಮುಂದೆ ಒಳ್ಳೆಯದು ನಾಲ್ಕು ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸುವ ಆಸೆಯೂ ಇದೆ. ಯಾವ ಸಾಫ್ಟ್‌ವೇರ್ ಹಿಡಿಯಲಿ? ಕಾರ್ಡ್‌ನಿಂದ ಶುರುವಾಗಿ ಪ್ರಿಂಟ್‌ವರೆಗೆ ನೀವೆಲ್ಲ ಹೇಗೆ ಮಾಡುತ್ತೀರಿ?


ಮದುವೆ ಮನೆ ಕ್ಯಾಮೆರಾ, ಶಿವಮೊಗ್ಗ:

ನನ್ನದು ಮದುವೆ, ನಾಮಕರಣದ ಕೆಲಸ. ಯಕ್ಷಗಾನ ನೋಡುವುದಷ್ಟೇ, ತೆಗೆದವನಲ್ಲ. ಲೈಟ್‌ರೂಮ್ ಬಗ್ಗೆ ಮಾತ್ರ ಹೇಳುತ್ತೇನೆ.

ಅದು ಒಳ್ಳೆಯ ಸಾಧನ, ಎರಡು ಮಾತಿಲ್ಲ. ಒಂದು ಫೋಟೊ ಸರಿಮಾಡಿ ಅದನ್ನೇ ಮುನ್ನೂರಕ್ಕೆ ಹಚ್ಚಬಹುದು. ಮುಖವನ್ನು ಮಾತ್ರ ತಾನೇ ಗುರುತಿಸಿ ಮಾಸ್ಕ್ ಮಾಡುತ್ತದೆ, ಅಷ್ಟು ಭಾಗವನ್ನೇ ಬೇರೆಯಾಗಿ ತಿದ್ದಬಹುದು. ಕಾಳು ಕಾಳಾಗಿ ಕಾಣುವ ನಾಯ್ಸ್ ತೆಗೆಯಲು 2023ರಿಂದ ಇರುವ ಎಐ ಡಿನಾಯ್ಸ್ ಕತ್ತಲೆ ಹಾಲ್‌ನ ಫೋಟೊಗಳಿಗೆ ಬಹಳ ಉಪಕಾರ. ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಒತ್ತಿ ಊಟ ಮುಗಿಸಿ ಬರಬೇಕು.

ಲೈಟ್‌ರೂಮ್ ಹೆಸರಲ್ಲಿ ಎರಡು ಇವೆ, ಗೊತ್ತಿರಲಿ. ಕ್ಲಾಸಿಕ್ ಅನ್ನುವುದು ಫೋಟೊಗಳನ್ನು ನಿಮ್ಮ ಡಿಸ್ಕ್‌ನಲ್ಲೇ ಇಟ್ಟು ಕ್ಯಾಟಲಾಗ್ ಬರೆಯುತ್ತದೆ. ಬರೀ ಲೈಟ್‌ರೂಮ್ ಅನ್ನುವುದು ಕ್ಲೌಡ್ ನಂಬಿಕೊಂಡದ್ದು. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಕಾಲ 2015ರ ಲೈಟ್‌ರೂಮ್ 6ಕ್ಕೆ ಮುಗಿಯಿತು. ಈಗ ಚಂದಾ ಕಟ್ಟಬೇಕು. ಕಟ್ಟುವುದು ನಿಲ್ಲಿಸಿದರೆ ಕ್ಲಾಸಿಕ್‌ನಲ್ಲಿ ಫೋಟೊ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಡೆವಲಪ್ ಭಾಗಕ್ಕೆ ಬೀಗ ಬೀಳುತ್ತದೆ.

ಕ್ರ್ಯಾಕ್ ಹಾಕಬೇಡಿ. ಅದನ್ನು ಹಾಕಲು ಮೊದಲು ಆ್ಯಂಟಿವೈರಸ್ ಆಫ್ ಮಾಡು ಅನ್ನುತ್ತಾರೆ, ಅಲ್ವಾ? ಅದೇ ಲ್ಯಾಪ್‌ಟಾಪ್‌ನಲ್ಲಿ ನೀವು ಬ್ಯಾಂಕ್ ಕೆಲಸವನ್ನೂ ಮಾಡುತ್ತೀರಿ. ಪುಕ್ಕಟೆಯಾಗಿ, ನ್ಯಾಯವಾಗಿ ಸಿಗುವ ಒಳ್ಳೆಯ ಸಾಫ್ಟ್‌ವೇರ್ ಇಷ್ಟಿರುವಾಗ ಆ ಅಪಾಯ ಯಾಕೆ? ಫೋಟೊದಿಂದ ನಾಲ್ಕು ಕಾಸು ಬರಲು ಶುರುವಾದ ಮೇಲೆ ಬೇಕಾದರೆ ಚಂದಾ ಕಟ್ಟಿ.


ರಂಗಸ್ಥಳದ ಎದುರು, ಉಡುಪಿ:

ಶಿವಮೊಗ್ಗದವರು ಹೇಳಿದ್ದು ಸರಿ. ನಾನು ಬಡಗು, ತೆಂಕು ಎರಡೂ ತಿಟ್ಟಿನ (ಯಕ್ಷಗಾನದ ಎರಡು ಶೈಲಿ) ಫೋಟೊ ತುಂಬ ವರ್ಷದಿಂದ ತೆಗೆಯುತ್ತಿರುವವನು. ನಿಮ್ಮ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಸಪ್ಪೆ ವಿಷಯ. ಎನ್‌ಇಎಫ್ ಫೈಲ್ ಒಳಗೆ ಸೆನ್ಸರ್ ಅಳೆದ ಬೆಳಕಿನ ಲೆಕ್ಕ ಇರುತ್ತದೆ. ಅದರ ಜೊತೆಗೆ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ಗೂ ಒಳಗೇ ಕೂತಿರುತ್ತದೆ. ಕ್ಯಾಮೆರಾ ಪರದೆಯಲ್ಲಿ ನೀವು ನೋಡುವುದು ಆ ಜೆಪೆಗ್ಗನ್ನು. ಡಾರ್ಕ್‌ಟೇಬಲ್‌ನಲ್ಲಿ ಫೋಟೊ ತೆರೆದ ಕೂಡಲೇ ಅದು ಆ ಜೆಪೆಗ್ ಬಿಟ್ಟು ಸೆನ್ಸರ್ ಲೆಕ್ಕದಿಂದ ಹೊಸದಾಗಿ ಚಿತ್ರ ಕಟ್ಟುತ್ತದೆ. ನಿಕಾನ್‌ನವರ ಕಾಂಟ್ರಾಸ್ಟು, ಬಣ್ಣ ಯಾವುದೂ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಸಪ್ಪೆ. ಫೈಲ್ ಹಾಳಾಗಿಲ್ಲ, ಕೆಲಸ ಇನ್ನೂ ಶುರುವಾಗಿಲ್ಲ ಅಷ್ಟೇ.

ಇನ್ನು ಕೆಂಪು ಮುದ್ದೆ. ಇದು ಯಾವ ಸಾಫ್ಟ್‌ವೇರ್ ಅನ್ನುವುದಕ್ಕಿಂತ ದೊಡ್ಡ ವಿಷಯ.

ಡಿ5600ರಲ್ಲಿ ಸುಮಾರು 2.4 ಕೋಟಿ ಪಿಕ್ಸೆಲ್ ಇವೆ. ಅರ್ಧಕ್ಕೆ ಹಸಿರು ಫಿಲ್ಟರ್, ಕಾಲಿಗೆ ನೀಲಿ, ಇನ್ನೊಂದು ಕಾಲಿಗೆ ಕೆಂಪು. ಬರೀ ಕೆಂಪು ಎಲ್‌ಇಡಿ ಉರಿಯುವಾಗ ನಿಜವಾಗಿ ಕೆಲಸ ಮಾಡುವುದು ಆ 60 ಲಕ್ಷ ಪಿಕ್ಸೆಲ್‌ಗಳು ಮಾತ್ರ. ಅದೇ ಹೊತ್ತಿಗೆ ಕ್ಯಾಮೆರಾದ ಮೀಟರ್ ರಂಗಸ್ಥಳದ ಸುತ್ತಲಿನ ಕತ್ತಲೆ ನೋಡಿ ಬೆಳಕು ಸಾಲದು ಅಂದುಕೊಂಡು ಎಕ್ಸ್‌ಪೋಷರ್ ಏರಿಸುತ್ತದೆ. ಕೆಂಪು ತುಂಬಿ ಹರಿಯುತ್ತದೆ. ರಾದಲ್ಲೇ ತುಂಬಿ ಹರಿದರೆ ಅದನ್ನು ವಾಪಸ್ ತರುವ ಸಾಫ್ಟ್‌ವೇರ್ ಇಲ್ಲ.

ಆದರೆ ಧೈರ್ಯ ತಂದುಕೊಳ್ಳುವ ಮಾತೂ ಇದೆ. ಜೆಪೆಗ್‌ನಲ್ಲಿ ಹೋದ ಕೆಂಪು ಎಷ್ಟೋ ಸಲ ರಾದಲ್ಲಿ ಉಳಿದಿರುತ್ತದೆ. ಜೆಪೆಗ್ ಮಾಡುವಾಗ ಕ್ಯಾಮೆರಾ ವೈಟ್ ಬ್ಯಾಲೆನ್ಸ್‌ಗಾಗಿ (ಬಿಳಿ ಬಿಳಿಯಾಗಿಯೇ ಕಾಣಲಿ ಅಂತ) ಕೆಂಪಿನ ಲೆಕ್ಕವನ್ನು ಗುಣಿಸಿ ಏರಿಸುತ್ತದೆ. ಮೇಲಿಂದ ಕಾಂಟ್ರಾಸ್ಟ್. ಕೊನೆಗೆ ಎಸ್‌ಆರ್‌ಜಿಬಿ ಅನ್ನುವ ಸಣ್ಣ ಬಣ್ಣದ ಚೌಕಟ್ಟಿಗೆ ತುರುಕುತ್ತದೆ. ಎಲ್‌ಇಡಿಯ ಕಡು ಕೆಂಪು ಆ ಚೌಕಟ್ಟಿನ ಆಚೆಗೇ ಇರುವಂಥದ್ದು. ಅಂಚಿಗೆ ಹೋಗಿ ಎಲ್ಲವೂ 255 ಆಗಿ ನಿಲ್ಲುತ್ತದೆ, ಕೆಂಪಿನೊಳಗಿನ ವ್ಯತ್ಯಾಸ ಅಳಿಸುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. 14 ಬಿಟ್ ರಾದಲ್ಲಿ 16,384. ರಾ ತೆಗೆಯಬೇಕು ಅನ್ನುವುದು ಇದಕ್ಕೇ.

ಹಾಗಾಗಿ ಕ್ಯಾಮೆರಾದಲ್ಲಿ ಇಷ್ಟು ಮಾಡಿ. ಪ್ಲೇಬ್ಯಾಕ್ ಮೆನುವಿನಲ್ಲಿ ಡಿಸ್‌ಪ್ಲೇ ಆಪ್ಷನ್ಸ್‌ಗೆ ಹೋಗಿ ಆರ್‌ಜಿಬಿ ಹಿಸ್ಟೊಗ್ರಾಮ್ (ಯಾವ ಬಣ್ಣ ಎಷ್ಟು ತುಂಬಿದೆ ಅಂತ ತೋರಿಸುವ ನಕ್ಷೆ) ಆನ್ ಮಾಡಿ. ಮೂರು ಬಣ್ಣಕ್ಕೆ ಮೂರು ಗುಡ್ಡ ಬೇರೆ ಬೇರೆ ಕಾಣುತ್ತದೆ. ಒಟ್ಟು ಬೆಳಕಿನ ಹಿಸ್ಟೊಗ್ರಾಮ್ ಒಂದನ್ನೇ ನಂಬಿದರೆ ಕೆಂಪು ತುಂಬಿದ್ದು ಗೊತ್ತೇ ಆಗುವುದಿಲ್ಲ. ಪಿಕ್ಚರ್ ಕಂಟ್ರೋಲ್ (ಕ್ಯಾಮೆರಾ ಬಣ್ಣ, ಕಾಂಟ್ರಾಸ್ಟ್ ಕೂರಿಸುವ ಶೈಲಿ) ಫ್ಲಾಟ್‌ಗೆ ಹಾಕಿ, ಆಗ ಆ ಗುಡ್ಡಗಳು ರಾಗೆ ಸ್ವಲ್ಪ ಹತ್ತಿರ ಬರುತ್ತವೆ. ಮೋಡ್ ಮ್ಯಾನುಯಲ್. ನಾನು ಐಎಸ್‌ಒ 3200, ಎಫ್ 2.2, ಸೆಕೆಂಡಿನ 250ನೇ ಒಂದು ಭಾಗದಿಂದ ಶುರು ಮಾಡುತ್ತೇನೆ. ದಿಗಿಣ (ಹಾರಿ ತಿರುಗುವ ಕುಣಿತ) ಹಾಕುವಾಗ 500ಕ್ಕೆ ಏರಿಸುತ್ತೇನೆ. ಕೆಂಪಿನ ಗುಡ್ಡ ಬಲಗಡೆ ಗೋಡೆಗೆ ಮುಟ್ಟಿದರೆ ಐಎಸ್‌ಒ ಇಳಿಸಿ. ಫೋಟೊ ಕಪ್ಪಾಗಿ ಕಂಡರೆ ಹೆದರಬೇಡಿ. 3200ರಲ್ಲಿ ಒಂದು ಸ್ಟಾಪ್ (ಅರ್ಧದಷ್ಟು) ಕಡಿಮೆ ತೆಗೆದು ಆಮೇಲೆ ಏರಿಸಿದರೂ, 6400ರಲ್ಲೇ ತೆಗೆದರೂ ಕಾಳು ಕಾಳಾಗುವುದು ಹೆಚ್ಚುಕಡಿಮೆ ಒಂದೇ. ಕೆಂಪು ಉಳಿಯುವುದು ಮೊದಲನೆಯದರಲ್ಲಿ.

ಈಗ ಸಾಫ್ಟ್‌ವೇರ್. ನಿಮಗೆ ನನ್ನ ಸಲಹೆ ನಿಕಾನ್‌ನವರದ್ದೇ ಎನ್ಎಕ್ಸ್ ಸ್ಟುಡಿಯೊ. 2021ರಲ್ಲಿ ಬಂದದ್ದು, ಪುಕ್ಕಟೆ. ಕ್ಯಾಮೆರಾದ ಪಿಕ್ಚರ್ ಕಂಟ್ರೋಲ್ ಎಲ್ಲವೂ ಅದಕ್ಕೆ ಗೊತ್ತು. ಎನ್‌ಇಎಫ್ ತೆರೆದರೆ ಕ್ಯಾಮೆರಾದಲ್ಲಿ ಕಂಡ ಹಾಗೇ ಕಾಣುತ್ತದೆ. ಫ್ಲಾಟ್‌ನಲ್ಲಿ ತೆಗೆದದ್ದನ್ನು ಒಂದು ಒತ್ತಿನಲ್ಲಿ ಸ್ಟ್ಯಾಂಡರ್ಡ್ ಮಾಡಬಹುದು. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ: ಕ್ಯಾನನ್‌ನವರಿಗೆ ಡಿಜಿಟಲ್ ಫೋಟೊ ಪ್ರೊಫೆಶನಲ್, ಸೋನಿಯವರಿಗೆ ಇಮೇಜಿಂಗ್ ಎಡ್ಜ್ ಇದೇ ರೀತಿ ಪುಕ್ಕಟೆ ಸಿಗುತ್ತವೆ. ಕ್ಯಾಮೆರಾ ಕೊಂಡಾಗಲೇ ಅದರ ದುಡ್ಡು ಕೊಟ್ಟಾಗಿದೆ ಅಂದುಕೊಳ್ಳಿ.

ಎನ್ಎಕ್ಸ್ ಸ್ಟುಡಿಯೊ ಚುರುಕಿಲ್ಲ. ಮಾಸ್ಕ್ ಕೆಲಸಕ್ಕೆ ಬಡವ. ಆದರೆ ಕಲಿಯುವವರಿಗೆ ಬೇಕಾದ ನಾಲ್ಕೈದು ವಿಷಯ ಅದರಲ್ಲಿ ಕಣ್ಣಿಗೆ ಕಾಣುವಂತೆ ಇವೆ. ಈ ಸೀಸನ್ ಪೂರ್ತಿ ಅದರಲ್ಲೇ ಮಾಡಿ. ಮೇ ಕೊನೆಗೆ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಇದೆಯಲ್ಲ, ಆಗ ಡಾರ್ಕ್‌ಟೇಬಲ್ ಹಿಡಿಯಿರಿ. ಅಷ್ಟೊತ್ತಿಗೆ ನಿಮ್ಮ ಹತ್ತಿರ ಒಂದು ಸೀಸನ್ನಿನ ರಾ ಫೈಲ್ ಇರುತ್ತವೆ. ಯಾವುದು ಬೇಕು, ಯಾವುದು ಸಾಲದು ಅಂತ ನಿಮಗೇ ಗೊತ್ತಿರುತ್ತದೆ. ರಾ ಇಟ್ಟುಕೊಂಡರೆ ಇವತ್ತು ಯಾವ ಸಾಫ್ಟ್‌ವೇರ್ ಆರಿಸಿದರೂ ನಾಳೆ ಬದಲಾಯಿಸಲು ಅಡ್ಡಿ ಇಲ್ಲ.

ಒಂದು ಫೋಟೊ ಹಿಡಿದು ತೋರಿಸುತ್ತೇನೆ. ತೆಂಕಿನ ದೇವಿಮಹಾತ್ಮೆ, ಮಹಿಷಾಸುರ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರದ್ದು. ಮುಖದ ಮೇಲೆ ಚುಟ್ಟಿ ಇಟ್ಟಿದ್ದಾರೆ, ಹಿಂದಿನಿಂದ ಕೆಂಪು ಎಲ್‌ಇಡಿ, ಎದುರಿನಿಂದ ಮಾಮೂಲಿ ಬಿಳಿ ಬೆಳಕು.

ವೈಟ್ ಬ್ಯಾಲೆನ್ಸ್‌ನಲ್ಲಿ ಗ್ರೇ ಪಾಯಿಂಟ್ ಅಂತ ಒಂದು ಇದೆ. ಅದನ್ನು ಹಿಡಿದು ಎದುರಿನ ಬೆಳಕು ಬಿದ್ದ ಚುಟ್ಟಿಯ ಮೇಲೆ ಒತ್ತುತ್ತೇನೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಬಿಳಿ ಅದು. ಅಲ್ಲಿ ಬಿಳಿ ಬಿಳಿಯಾದರೆ ಮುಖದ ಉಳಿದ ಬಣ್ಣಗಳೂ ಸರಿಯಾಗಿ ಕೂರುತ್ತವೆ. ಆಮೇಲೆ ಎಕ್ಸ್‌ಪೋಷರ್. ಬೇಕಾದಷ್ಟು ಏರಿಸಿ, ಹೈಲೈಟ್ ಇಳಿಸಿ ಕಿರೀಟದ ಚಿನ್ನದ ಹಾಳೆಯ ಹೊಳಪು ಉಳಿಸಿಕೊಳ್ಳುತ್ತೇನೆ. ನಂತರ ಎಲ್‌ಸಿಎಚ್ ಅನ್ನುವ ಭಾಗ. ಅಲ್ಲಿ ಕ್ರೋಮಾ (ಬಣ್ಣದ ಗಾಢತೆ) ಆರಿಸಿ ಕೆಂಪಿನ ಜಾಗದಲ್ಲಿ ಗೆರೆಯನ್ನು ಸ್ವಲ್ಪ ಕೆಳಗೆ ಎಳೆಯಿರಿ. ಇಲ್ಲಿ ನಿಮ್ಮ ಮುದ್ದೆ ಬಿಡಿಸಿಕೊಳ್ಳುತ್ತದೆ. ಆಚೆ ನಿಂತಿದ್ದ ಕೆಂಪು ಚೌಕಟ್ಟಿನೊಳಗೆ ಬರುತ್ತದೆ, ದಗಲೆಯ ಮಡಿಕೆ, ಎದೆಕಟ್ಟಿನ ಕುಸುರಿ ಒಂದೊಂದಾಗಿ ಕಾಣುತ್ತವೆ. ಹೊಸಬರು ಸಾಮಾನ್ಯವಾಗಿ ಸ್ಯಾಚುರೇಶನ್ ಏರಿಸುತ್ತಾರೆ. ಯಕ್ಷಗಾನಕ್ಕೆ ಇಳಿಸುವುದೇ ಜಾಸ್ತಿ ಬೇಕಾಗುವುದು.

ನಾಯ್ಸ್ ತೆಗೆಯುವಾಗ ಕೈ ಬಿಗಿ ಹಿಡಿಯಿರಿ. ಚುಟ್ಟಿ ಇಡಲು ಕಲಾವಿದರು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಕೂರುತ್ತಾರೆ. ಒಂದೊಂದೇ ಮುಳ್ಳು ಎಬ್ಬಿಸಿ ಇಡುತ್ತಾರೆ. ನಾಯ್ಸ್ ರಿಡಕ್ಷನ್ ಪೂರ್ತಿ ಎಳೆದರೆ ಅವೆಲ್ಲ ಕರಗಿ ಮುಖಕ್ಕೆ ಹತ್ತಿ ಮೆತ್ತಿದಂತಾಗುತ್ತದೆ. ಸ್ವಲ್ಪ ಕಾಳು ಇರಲಿ. ನೂರಕ್ಕೆ ನೂರು ಹಿಗ್ಗಿಸಿ ಮುಳ್ಳಿನ ತುದಿ ನೋಡುತ್ತಾ ಎಳೆಯಿರಿ, ತುದಿ ಮೊಂಡಾಗುವ ಮುಂಚೆ ನಿಲ್ಲಿಸಿ.

ಇನ್ನೊಂದು ಅಭ್ಯಾಸ ಹೇಳುತ್ತೇನೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ವೇಷ ಕಟ್ಟಿ ಮುಗಿದ ಮೇಲೆ, ರಂಗಸ್ಥಳಕ್ಕೆ ಹೋಗುವ ಮುಂಚೆ, ಚೌಕಿಯಲ್ಲಿ ಕೇಳಿಕೊಂಡು ಒಂದು ಫೋಟೊ ತೆಗೆಯಿರಿ. ಮಾಮೂಲಿ ಬಲ್ಬ್ ಬೆಳಕು ಸಾಕು. ಅರದಾಳದ ಹಳದಿ ಎಷ್ಟು, ಇಂಗಳೀಕದ ಕೆಂಪು ಎಷ್ಟು, ಕಣ್ಣಿನ ಸುತ್ತ ಕಪ್ಪು ಎಲ್ಲಿಗೆ ನಿಲ್ಲುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ಎಡಿಟ್ ಮಾಡುವಾಗ ಅದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ. ಬಣ್ಣ ಆರಿಸಿದವರು ಕಲಾವಿದರು. ಯಾವ ವೇಷಕ್ಕೆ ಯಾವ ಬಣ್ಣ ಅಂತ ಪರಂಪರೆಯಲ್ಲಿ ಬಂದದ್ದು. ನಮ್ಮ ಕೆಲಸ ಅದನ್ನು ಕೆಡಿಸದೆ ಕಾಗದದವರೆಗೆ ತಲುಪಿಸುವುದು. ರೆಡಿಮೇಡ್ ಪ್ರಿಸೆಟ್ ಹಾಕಿ ಎಲ್ಲ ವೇಷವನ್ನೂ ಕಿತ್ತಳೆ, ನೀಲಿ ಮಾಡಿದ ಫೋಟೊ ನೋಡಿದರೆ ನನಗೆ ಬೇಸರ ಆಗುತ್ತದೆ.

ಹಾಗಂತ ರಂಗದ ಬೆಳಕನ್ನೇ ಅಳಿಸಿಹಾಕಬೇಕು ಅಂತ ಅಲ್ಲ. ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದು ಬರುವಾಗ, ರಾಳದ ಪುಡಿ ಎರಚಿ ಬೆಂಕಿ ಏಳುವಾಗ, ಅದು ಹಳದಿಯಾಗಿಯೇ ಇರಬೇಕು. ಅಲ್ಲಿ ಆಟೊ ವೈಟ್ ಬ್ಯಾಲೆನ್ಸ್ ಒತ್ತಬೇಡಿ.


ಬಯಲಾಟದ ಹುಡುಗ, ಕುಂದಾಪುರ:

ಅಣ್ಣಾ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಉಪಕಾರ. ಆರ್‌ಜಿಬಿ ಹಿಸ್ಟೊಗ್ರಾಮ್ ಆನ್ ಮಾಡಿ ಹಳೆಯ ಫೋಟೊಗಳನ್ನು ಕ್ಯಾಮೆರಾದಲ್ಲೇ ನೋಡಿದೆ. ಕೆಂಪಿನ ಗುಡ್ಡ ಎಲ್ಲದರಲ್ಲೂ ಗೋಡೆಗೆ ಒರಗಿಯೇ ಇದೆ! ಎನ್ಎಕ್ಸ್ ಸ್ಟುಡಿಯೊ ಹಾಕಿ ಕ್ರೋಮಾ ಇಳಿಸಿದೆ. ಕೆಲವದರಲ್ಲಿ ಮುಖ ವಾಪಸ್ ಬಂತು, ಕೆಲವು ಬರಲಿಲ್ಲ.

ಎರಡು ಸಂಶಯ. ಬರದೇ ಇದ್ದವು ರಾದಲ್ಲೇ ಹೋದದ್ದು ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಇನ್ನು ಕೃಷ್ಣನ ವೇಷಕ್ಕೆ ನೀಲಿ ಬೆಳಕು ಬಿಟ್ಟಿದ್ದರು. ಡಾರ್ಕ್‌ಟೇಬಲ್‌ನಲ್ಲಿ ಅದು ನೇರಳೆಯಾಗಿ ಕಾಣುತ್ತಿದೆ, ನಡುವೆ ಕಪ್ಪು ಕಪ್ಪು ತೇಪೆ ಬೇರೆ. ಯಾಕೆ?


ಪುತ್ತೂರು ಪೆಂಗ್ವಿನ್:

ಡಾರ್ಕ್‌ಟೇಬಲ್ ಹೆಸರು ಬಂತಲ್ಲ, ನಾನು ಹೇಳುತ್ತೇನೆ. ಲಿನಕ್ಸ್‌ನಲ್ಲಿ ಅದನ್ನೇ ಬಳಸುವವನು ನಾನು.

ಮೊದಲ ಸಂಶಯಕ್ಕೆ: ಡಾರ್ಕ್‌ಟೇಬಲ್‌ನಲ್ಲಿ ಎಡಿಟ್ ಮಾಡುವ ಭಾಗಕ್ಕೆ ಡಾರ್ಕ್‌ರೂಮ್ ಅನ್ನುತ್ತಾರೆ, ಅಲ್ಲಿ ಚಿತ್ರದ ಕೆಳಗೆ ಸಣ್ಣ ಗುರುತುಗಳ ಸಾಲು ಇದೆ. ಅದರಲ್ಲಿ ರಾ ಓವರ್‌ಎಕ್ಸ್‌ಪೋಸ್ಡ್ ಅನ್ನುವುದನ್ನು ಒತ್ತಿ. ಸೆನ್ಸರ್‌ನಲ್ಲೇ ತುಂಬಿಹೋದ ಜಾಗಗಳನ್ನು ಯಾವ ಬಣ್ಣ ತುಂಬಿದೆ ಅನ್ನುವುದರ ಸಮೇತ ತೋರಿಸುತ್ತದೆ. ಅಲ್ಲಿ ಗುರುತು ಬಿದ್ದರೆ ಆ ಭಾಗ ಹೋಯಿತು. ಬೀಳದಿದ್ದರೆ ಮಾಹಿತಿ ಇದೆ, ತರಬಹುದು.

ನೀಲಿ ವಿಷಯ ಕೆಂಪಿನ ಹಾಗೇ. ನೀಲಿ ಎಲ್‌ಇಡಿಯ ಬಣ್ಣ ಸಾಮಾನ್ಯ ಪರದೆಯ ಅಳವಿಗೆ ಮೀರಿದ್ದು. ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿ ಬರುತ್ತವೆ, ಆಗ ನೇರಳೆ, ಕಪ್ಪು ತೇಪೆ. ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲ್ ತೆರೆಯಿರಿ. ಅಲ್ಲಿ ಗ್ಯಾಮಟ್ ಕಂಪ್ರೆಶನ್ ಅನ್ನುವ ಪಟ್ಟಿಯನ್ನು ನಿಧಾನಕ್ಕೆ ಏರಿಸಿ. ತೇಪೆ ಕರಗುತ್ತಾ ಬರುತ್ತದೆ. ವೈಟ್ ಬ್ಯಾಲೆನ್ಸನ್ನು ಆ ಮಾಡ್ಯೂಲ್‌ನಲ್ಲೇ ಸರಿಮಾಡಿ. ವೈಟ್ ಬ್ಯಾಲೆನ್ಸ್ ಅನ್ನುವ ಹೆಸರಿನದೇ ಇನ್ನೊಂದು ಮಾಡ್ಯೂಲ್ ಇದೆ, ಅದನ್ನು ಮುಟ್ಟಬೇಡಿ, ಎರಡೂ ಕಡೆ ತಿದ್ದಿದರೆ ಒಂದಕ್ಕೊಂದು ಜಗಳ.

ಮಾಡ್ಯೂಲ್‌ಗಳ ರಾಶಿಗೆ ಹೆದರಬೇಡಿ. ಅಲ್ಲಿರುವುದರಲ್ಲಿ ಹೆಚ್ಚಿನವನ್ನು ನಾನು ತೆರೆದೂ ನೋಡುವುದಿಲ್ಲ. ಎಕ್ಸ್‌ಪೋಷರ್, ಕಲರ್ ಕ್ಯಾಲಿಬ್ರೇಶನ್, ಸಿಗ್ಮಾಯ್ಡ್, ಲೆನ್ಸ್ ಕರೆಕ್ಷನ್, ಡಿನಾಯ್ಸ್ ಪ್ರೊಫೈಲ್ಡ್, ಕ್ರಾಪ್. ಇಷ್ಟರಲ್ಲಿ ಆಟದ ಫೋಟೊ ಮುಗಿಯುತ್ತದೆ. ಮುಖ ಕತ್ತಲಲ್ಲಿದ್ದರೆ ಟೋನ್ ಈಕ್ವಲೈಸರ್. ಡಿನಾಯ್ಸ್ ಪ್ರೊಫೈಲ್ಡ್‌ಗೆ ಡಿ5600 ಯಾವ ಐಎಸ್‌ಒದಲ್ಲಿ ಎಷ್ಟು ಕಾಳು ಬರಿಸುತ್ತದೆ ಅಂತ ಮೊದಲೇ ಗೊತ್ತು, ಆನ್ ಮಾಡಿದರೆ ಸಾಕು. ಒಂದು ರಾತ್ರಿಯ ಬೆಳಕು ಒಂದೇ ತರಹ ಇದ್ದರೆ ಒಂದು ಫೋಟೊ ಮುಗಿಸಿ, ಲೈಟ್‌ಟೇಬಲ್‌ನಲ್ಲಿ (ಫೋಟೊಗಳು ಸಾಲಾಗಿ ಕಾಣುವ ಭಾಗ) ಕಂಟ್ರೋಲ್ ಸಿ ಒತ್ತಿ, ಉಳಿದವನ್ನು ಆರಿಸಿ ಕಂಟ್ರೋಲ್ ವಿ ಒತ್ತಿ.

8 ಜಿಬಿಯಲ್ಲಿ ಓಡುತ್ತದೆ, ತೆವಳುತ್ತದೆ ಅಂತಲೂ ಹೇಳಬಹುದು. ಕ್ರೋಮ್ ಬ್ರೌಸರ್ ಮುಚ್ಚಿಡಿ. ಡಿಫ್ಯೂಸ್ ಆರ್ ಶಾರ್ಪನ್ ಮಾಡ್ಯೂಲ್ ಭಾರ, ಸದ್ಯ ಬೇಡ. ಆಗುವುದಾದರೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿ. ಒಂದು ವರ್ಷದ ಚಂದಾ ಕಟ್ಟುವುದಕ್ಕಿಂತ ಆ ಖರ್ಚು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಉಡುಪಿಯ ಅಣ್ಣ ಹೇಳದ ಇನ್ನೊಂದು ಇದೆ, ರಾಥೆರಪಿ. ಅದೂ ಪುಕ್ಕಟೆ. ಅದರಲ್ಲಿ ಆಟೊ ಮ್ಯಾಚ್ಡ್ ಟೋನ್ ಕರ್ವ್ ಅಂತ ಇದೆ. ಎನ್‌ಇಎಫ್ ಒಳಗಿನ ಜೆಪೆಗ್ ನೋಡಿಕೊಂಡು ಅದರ ಹಾಗೇ ಬೆಳಕು, ಕಾಂಟ್ರಾಸ್ಟ್ ಕೂರಿಸುತ್ತದೆ. ಸಪ್ಪೆಯ ಗೋಳಿಲ್ಲ.


ಮದುವೆ ಮನೆ ಕ್ಯಾಮೆರಾ, ಶಿವಮೊಗ್ಗ:

ಫೋಟೊಶಾಪ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೇರೆ ಕೆಲಸಕ್ಕೆ. ಪ್ರಚಾರದ ಬ್ಯಾನರ್ ಮಾಡುವುದು, ಹಿಂದೆ ಕಾಣುವ ವೈರ್ ಅಳಿಸುವುದು ಇಂಥದ್ದಕ್ಕೆ. ಅದಕ್ಕೂ ಪುಕ್ಕಟೆ ಸಿಗುವ ಜಿಂಪ್ ಸಾಕಾಗುತ್ತದೆ, 2025ರ ಮಾರ್ಚ್‌ನಲ್ಲಿ ಬಂದ 3.0 ಬಹಳ ಸುಧಾರಿಸಿದೆ. ಜಿಂಪ್‌ನಲ್ಲಿ ಎನ್‌ಇಎಫ್ ನೇರವಾಗಿ ತೆರೆಯುವುದಿಲ್ಲ, ಡಾರ್ಕ್‌ಟೇಬಲ್ ಅಥವಾ ರಾಥೆರಪಿಯನ್ನು ಕರೆದು ಅದರ ಮೂಲಕ ತೆರೆಯುತ್ತದೆ. ಸದ್ಯಕ್ಕೆ ನಿಮಗೆ ಇದ್ಯಾವುದೂ ಬೇಕಿಲ್ಲ.

ಪ್ರಿಂಟ್ ಹಾಕಿಸುವ ಮುಂಚೆ ಒಂದು ಮಾತು. ಲ್ಯಾಪ್‌ಟಾಪ್ ಪರದೆಯ ಬೆಳಕು ಪೂರ್ತಿ ಏರಿಸಿಟ್ಟು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗಿಯೇ ಬರುತ್ತದೆ. ಬೆಳಕು ಅರ್ಧಕ್ಕೆ ಇಳಿಸಿ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಪರದೆಗಳು ಎಸ್‌ಆರ್‌ಜಿಬಿಯಲ್ಲಿ ಮೂರನೇ ಎರಡು ಭಾಗವನ್ನೂ ತೋರಿಸದೆ ಇರಬಹುದು. ಕೆಂಪು ಸಾಲದು ಅನಿಸುವುದು ಪರದೆಯ ಕೊರತೆಯಿಂದಲೂ ಇರುತ್ತದೆ. ಒಳ್ಳೆಯ ಮಾನಿಟರ್ ಇರುವ ಗೆಳೆಯರ ಮನೆಯಲ್ಲೋ, ಫೋನ್‌ನಲ್ಲೋ ಒಮ್ಮೆ ನೋಡಿಕೊಳ್ಳಿ. ದೊಡ್ಡ ಪ್ರಿಂಟಿಗೆ ದುಡ್ಡು ಹಾಕುವ ಮುಂಚೆ 6×8 ಇಂಚಿನ ಒಂದು ಸಣ್ಣ ಪ್ರಿಂಟ್ ಅದೇ ಲ್ಯಾಬ್‌ನಲ್ಲಿ ತೆಗೆಸಿ.


ರಂಗಸ್ಥಳದ ಎದುರು, ಉಡುಪಿ:

ಡಿಸ್ಕ್ ತುಂಬುವ ಬಗ್ಗೆ ಕೇಳಿದ್ದೀರಿ, ಅದನ್ನೂ ಹೇಳಿಬಿಡುತ್ತೇನೆ. ಒಂದು ಎನ್‌ಇಎಫ್ 25 ಎಂಬಿ ಆಸುಪಾಸು. ಸಾವಿರ ಫೋಟೊಗೆ 25 ಜಿಬಿ. 256 ಜಿಬಿಯಲ್ಲಿ ಸೀಸನ್ ಹಿಡಿಸುವುದಿಲ್ಲ. 2 ಟಿಬಿಯ ಹೊರಗಿನ ಹಾರ್ಡ್ ಡಿಸ್ಕ್ ಎರಡು ತೆಗೆದುಕೊಳ್ಳಿ. ಒಂದೇ ತೆಗೆದುಕೊಂಡರೆ ಅದು ಬ್ಯಾಕಪ್ ಅಲ್ಲ, ಬರೀ ಜಾಗ ಬದಲಾವಣೆ. ಎರಡನೆಯದನ್ನು ಬೇರೆ ಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ನಮ್ಮ ಕರಾವಳಿಯ ತೇವಕ್ಕೆ, ಮಳೆಗಾಲದ ಸಿಡಿಲಿಗೆ ಏನೂ ಹೇಳಲಾಗದು.

ಆಟ ಮುಗಿಸಿ ಬಂದ ಬೆಳಿಗ್ಗೆ ನಿದ್ದೆಗೆ ಮುಂಚೆ ಕಾರ್ಡ್‌ನಿಂದ ಕಾಪಿ ಮಾಡಿಬಿಡಿ. ಫೋಲ್ಡರ್ ಹೆಸರು ವರ್ಷ, ತಿಂಗಳು, ದಿನ, ಆಮೇಲೆ ಊರು, ಮೇಳ, ಪ್ರಸಂಗ. ಈ ಕ್ರಮದಲ್ಲಿ ಇಟ್ಟರೆ ತಾನೇ ಸಾಲಾಗಿ ನಿಲ್ಲುತ್ತವೆ. ಯಾರ ವೇಷ ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಅದರೊಳಗೇ ಹಾಕಿ. ಭಾಗವತರು, ಮದ್ದಳೆ, ಚೆಂಡೆಯವರ ಹೆಸರೂ ಬರೆಯಿರಿ. ಹಿಮ್ಮೇಳದವರ ಹೆಸರೇ ಮೊದಲು ಮರೆತುಹೋಗುವುದು. ಎರಡು ಡಿಸ್ಕ್‌ನಲ್ಲೂ ಫೋಟೊ ತೆರೆದು ನೋಡಿದ ಮೇಲೆ ಮಾತ್ರ ಕಾರ್ಡನ್ನು ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ.

ಆಮೇಲೆ ಆರಿಸುವುದು. ಎಲ್ಲವನ್ನೂ ಎಡಿಟ್ ಮಾಡಲು ಹೋಗಬೇಡಿ. ಮೊದಲ ಸುತ್ತಿನಲ್ಲಿ ಕಣ್ಣು ಶಾರ್ಪ್ ಇಲ್ಲದ್ದು, ಕಿರೀಟದ ತುದಿ ಕತ್ತರಿಸಿದ್ದು ಪಕ್ಕಕ್ಕೆ. ಎರಡನೇ ಸುತ್ತಿನಲ್ಲಿ ನೃತ್ಯದ ನಿಲುವು ನೋಡಿ. ಕೈ ಎತ್ತಿ ಪೂರ್ತಿಯಾದ ಗಳಿಗೆ ಇರುತ್ತದಲ್ಲ, ಅದಕ್ಕಿಂತ ಒಂದು ಕ್ಷಣ ಹಿಂದಿನದ್ದು, ಮುಂದಿನದ್ದು ಎಷ್ಟೇ ಶಾರ್ಪ್ ಇದ್ದರೂ ಬೇಡ. ಅದನ್ನು ಹಿಡಿಯಲು ತಾಳ ಗೊತ್ತಿರಬೇಕು, ಚೆಂಡೆ ಕೇಳುತ್ತಾ ಇರಿ.

ಕಲಾವಿದರಿಗೆ ಕೊಡುವುದಕ್ಕೆ ಉದ್ದ ಬದಿ 2048 ಪಿಕ್ಸೆಲ್, ಎಸ್‌ಆರ್‌ಜಿಬಿ, ಗುಣಮಟ್ಟ ನೂರಕ್ಕೆ 90 ಇಟ್ಟು ಜೆಪೆಗ್ ಮಾಡಿ. ವಾಟ್ಸ್ಯಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಪ್ರಿಂಟಿಗೆ ಪೂರ್ತಿ ಅಳತೆ. 12×18 ಇಂಚಿಗೆ 300 ಪಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. ನಿಮ್ಮ ಕ್ಯಾಮೆರಾ 4000×6000 ಕೊಡುತ್ತದೆ, ಧಾರಾಳ ಆಯಿತು.


ಬಯಲಾಟದ ಹುಡುಗ, ಕುಂದಾಪುರ:

ಕ್ರ್ಯಾಕ್ ಬೇಡ ಅಂತ ಗೆಳೆಯನಿಗೆ ಹೇಳಿದೆ. ಎನ್ಎಕ್ಸ್ ಸ್ಟುಡಿಯೊದಲ್ಲೇ ಮುಂದುವರಿಸುತ್ತೇನೆ. ಡಾರ್ಕ್‌ಟೇಬಲ್ ಮಳೆಗಾಲಕ್ಕೆ. ರಾ ಓವರ್‌ಎಕ್ಸ್‌ಪೋಸ್ಡ್ ನೋಡುವುದಕ್ಕೆ ಮಾತ್ರ ಈಗಲೂ ತೆರೆಯುತ್ತೇನೆ, ಅದು ಬಹಳ ಉಪಯೋಗಕ್ಕೆ ಬಂತು.

ಕೊನೆಯದಾಗಿ ಒಂದು. ಫೋಟೊಗಳನ್ನು ಹೊರಗಿನ ಡಿಸ್ಕ್‌ಗೆ ಸಾಗಿಸಿದರೆ ಮಾಡಿದ ಎಡಿಟ್ ಜೊತೆಗೆ ಹೋಗುತ್ತದಾ? ಫೋಟೊ ಇರುವ ಫೋಲ್ಡರ್‌ನಲ್ಲಿ ಎನ್‌ಕೆಎಸ್‌ಸಿ ಪ್ಯಾರಾಮ್ ಅಂತ ಇನ್ನೊಂದು ಫೋಲ್ಡರ್ ತಾನಾಗಿ ಹುಟ್ಟಿದೆ. ಅಳಿಸಬಹುದಾ?


ರಂಗಸ್ಥಳದ ಎದುರು, ಉಡುಪಿ:

ಅಳಿಸಬೇಡಿ ಮಾರಾಯ್ರೆ! ನಿಮ್ಮ ಎಡಿಟ್ ಎಲ್ಲ ಇರುವುದು ಅದರಲ್ಲೇ. ಎನ್ಎಕ್ಸ್ ಸ್ಟುಡಿಯೊ ರಾ ಫೈಲನ್ನು ಮುಟ್ಟುವುದಿಲ್ಲ, ಏನೇನು ಬದಲಾಯಿಸಿದಿರಿ ಅನ್ನುವುದನ್ನು ಅಲ್ಲಿ ಬರೆದಿಡುತ್ತದೆ. ಬಿಡಿ ಬಿಡಿ ಫೋಟೊ ಎಳೆದು ಹಾಕಬೇಡಿ, ಆ ದಿನದ ಫೋಲ್ಡರನ್ನೇ ಇಡಿಯಾಗಿ ಕಾಪಿ ಮಾಡಿ. ಆಗ ಅದೂ ಜೊತೆಗೆ ಹೋಗುತ್ತದೆ.

ಮುಂದೆ ಡಾರ್ಕ್‌ಟೇಬಲ್‌ಗೆ ಹೋದಾಗ ಅದು ಪ್ರತಿ ಫೋಟೊ ಪಕ್ಕದಲ್ಲಿ ಎಕ್ಸ್‌ಎಂಪಿ ಅಂತ ಸಣ್ಣ ಫೈಲ್ ಇಡುತ್ತದೆ. ರಾಥೆರಪಿ ಆದರೆ ಪಿಪಿ3. ಒಂದರ ಬರಹ ಇನ್ನೊಂದಕ್ಕೆ ಓದಲು ಬರುವುದಿಲ್ಲ, ಅಲ್ಲಿ ಎಡಿಟ್ ಹೊಸದಾಗಿ ಮಾಡಬೇಕು. ಹಾಗಾಗಿ ಈ ಸೀಸನ್ನಿನ ಒಳ್ಳೆಯ ಫೋಟೊಗಳನ್ನು ಮುಗಿಸಿದ ಕೂಡಲೇ ಪೂರ್ತಿ ಅಳತೆಯ ಒಂದು 16 ಬಿಟ್ ಟಿಫ್ (ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯಬಹುದಾದ ಚಿತ್ರದ ಫೈಲ್) ಮಾಡಿ ಅದೇ ಫೋಲ್ಡರ್‌ನಲ್ಲಿ ಇಡಿ. ಜಾಗ ಜಾಸ್ತಿ ತಿನ್ನುತ್ತದೆ, ಒಂದೊಂದು 140 ಎಂಬಿ ಹತ್ತಿರ ಬರುತ್ತದೆ. ಆದ್ದರಿಂದ ಪ್ರಿಂಟಿಗೆ ಅಂತ ಆರಿಸಿದ್ದಕ್ಕೆ ಮಾತ್ರ ಸಾಕು.